ಒಕ್ಕದ ಹೆಸರು, ಸೆಂಟಿನ ಲೆಕ್ಕ, ಕಾಫಿಯ ಕ್ಲಾಸು

ಕೊಡಗಿನಲ್ಲಿ ಜಾಗವನ್ನೂ ಸೆಂಟಿನಲ್ಲಿ ಹೇಳುತ್ತಾರೆ, ಮಳೆಯನ್ನೂ ಸೆಂಟಿನಲ್ಲಿ ಹೇಳುತ್ತಾರೆ. ಜಾಗದ ಲೆಕ್ಕದಲ್ಲಿ ನೂರು ಸೆಂಟಿಗೆ ಒಂದು ಎಕರೆ, ಮಳೆಯ ಲೆಕ್ಕದಲ್ಲಿ ನೂರು ಸೆಂಟಿಗೆ ಒಂದು ಇಂಚು. ಹೂಮಳೆ ಬಿದ್ದ ಮರುದಿನ ಸಿದ್ದಾಪುರದ ಬೆಳೆಗಾರರು ಪೊನ್ನಂಪೇಟೆಯ ನೆಂಟರಿಗೆ ಫೋನ್ ಮಾಡಿ ‘ನಮ್ಮಲ್ಲಿ ಎಂಬತ್ತು ಸೆಂಟು’ ಅಂದರೆ ಅದು ಜಾಗದ ಮಾತೆಂದು ಯಾರೂ ತಿಳಿಯುವುದಿಲ್ಲ. ಕಂಪ್ಯೂಟರಿಗೆ ಈ ತಿಳಿವಳಿಕೆ ತಾನಾಗಿ ಬರುವುದಿಲ್ಲ. ಎರಡನ್ನೂ ಒಂದು ಸಂಖ್ಯೆಯಾಗಿ ಕೊಟ್ಟರೆ ಎಂಬತ್ತು ಸೆಂಟು ಮಳೆಗೆ ಇಪ್ಪತ್ತು ಸೆಂಟು ಗದ್ದೆ ಕೂಡಿಸಿ ನೂರು ಎಂದು ಉತ್ತರ ಕೊಡುತ್ತದೆ. ಎಲ್ಲಿಯೂ ದೋಷದ ಸಂದೇಶ ಬರುವುದಿಲ್ಲ.

ಇಂಥ ಬೆರಕೆ ಆಗದಿರಲಿ ಎಂದೇ ಪ್ರೋಗ್ರಾಮಿಂಗ್‌ನಲ್ಲಿ ‘ಟೈಪ್’ ಇರುವುದು. ಒಂದು ಮಾಹಿತಿ ಯಾವ ಬಗೆಯದು, ಅದಕ್ಕೆ ಯಾವ ಬೆಲೆಗಳು ಸಲ್ಲುತ್ತವೆ, ಯಾವುದರ ಜೊತೆ ಅದು ಕೂಡಬಹುದು ಎಂಬುದನ್ನು ಟೈಪ್ ಹೇಳುತ್ತದೆ. ಒಂದು ಕಚೇರಿಯ ಕಂಪ್ಯೂಟರ್ ಇನ್ನೊಂದು ಕಚೇರಿಯ ಕಂಪ್ಯೂಟರಿಗೆ ಮಾಹಿತಿ ಕಳಿಸುವಾಗ ಎರಡೂ ಕಡೆಯವರು ಟೈಪ್‌ಗಳ ಬಗ್ಗೆ ಮೊದಲೇ ಒಪ್ಪಿಕೊಂಡಿರಬೇಕು. ಆ ಒಪ್ಪಂದವನ್ನು ಬರೆದಿಡುವ ಒಂದು ಕ್ರಮವೇ ಎಕ್ಸ್‌ಎಂಎಲ್ ಸ್ಕೀಮಾ. ಮಾಹಿತಿಯ ಪ್ರತಿ ತುಣುಕಿಗೂ ಹೆಸರಿನ ಗುರುತು ಹಚ್ಚಿ ಬರೆಯುವ ರೂಪವಾದ ಎಕ್ಸ್‌ಎಂಎಲ್‌ನ ಶಿಫಾರಸು ಹೊರಬಂದದ್ದು 1998ರ ಫೆಬ್ರುವರಿಯಲ್ಲಿ, ಅದರ ಸ್ಕೀಮಾ ಭಾಷೆ ಬಂದದ್ದು 2001ರ ಮೇ ತಿಂಗಳಲ್ಲಿ. ಎರಡನ್ನೂ ರೂಪಿಸಿದ್ದು ವರ್ಲ್ಡ್ ವೈಡ್ ವೆಬ್ ಕನ್ಸೋರ್ಟಿಯಂ.

ಮಾಹಿತಿ ಕಳಿಸಲು ಈಗ ಎಲ್ಲರೂ ಜೇಸನ್ ಎಂಬ ಇನ್ನೊಂದು ರೂಪ ಬಳಸುತ್ತಾರೆ, ಎಕ್ಸ್‌ಎಂಎಲ್ ಮುಗಿದ ಕಥೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕುಶಾಲನಗರದ ತರಕಾರಿ ಅಂಗಡಿಯಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಬ್ಯಾಂಕುಗಳ ನಡುವೆ ಓಡುವ ಯುಪಿಐ ಸಂದೇಶಗಳು ಎಕ್ಸ್‌ಎಂಎಲ್‌ನಲ್ಲಿವೆ. ಆಧಾರ್‌ನ ಆಫ್‌ಲೈನ್ ಇ-ಕೆವೈಸಿ ಕಡತ ಎಕ್ಸ್‌ಎಂಎಲ್. ತೋಟದ ಲೆಕ್ಕ ಬರೆಯುವ ಟ್ಯಾಲಿಗೆ ಹೊರಗಿನಿಂದ ಮಾಹಿತಿ ತುಂಬಲು ಇಂದಿಗೂ ಎಕ್ಸ್‌ಎಂಎಲ್ ಬಳಸುತ್ತಾರೆ. ಆದಾಯ ತೆರಿಗೆ ರಿಟರ್ನ್ ಕೂಡ ಜೇಸನ್‌ಗೆ ಹೊರಳಿದ್ದು 2021-22ರ ಕರ ನಿರ್ಧಾರಣಾ ವರ್ಷದಲ್ಲಿ, ಅಲ್ಲಿಯವರೆಗೆ ಎಕ್ಸ್‌ಎಂಎಲ್ ಆಗಿಯೇ ಇತ್ತು. ಯುರೋಪಿಗೆ ಹೋಗುವ ಕೊಡಗಿನ ಕಾಫಿಯ ಕಾಗದಪತ್ರವೂ ಈಗ ಇದೇ ದಾರಿ ಹಿಡಿದಿದೆ. ಅದನ್ನು ಮುಂದೆ ನೋಡೋಣ.

ಸ್ಕೀಮಾ ಕಾಗದದ ಮೇಲಿನ ಒಪ್ಪಂದ. ಕೆಲಸ ಮಾಡುವುದು ಪ್ರೋಗ್ರಾಂ. ಜಾವಾ, ಸಿ ಶಾರ್ಪ್‌ನಂಥ ಆಬ್ಜೆಕ್ಟ್ ಆಧಾರಿತ ಭಾಷೆಗಳಲ್ಲಿ ಮಾಹಿತಿ ಇರುವುದು ಕ್ಲಾಸ್‌ಗಳಲ್ಲಿ. ಕ್ಲಾಸ್ ಎಂದರೆ ಒಂದು ಬಗೆಯ ವಸ್ತುವಿನ ಅಚ್ಚು: ಅದಕ್ಕೆ ಯಾವ ಗುಣಗಳಿವೆ, ಅದು ಏನೇನು ಮಾಡಬಲ್ಲದು ಎಂಬುದರ ವಿವರ. ಸ್ಕೀಮಾದ ಪ್ರತಿ ಟೈಪಿಗೂ ಒಂದು ಕ್ಲಾಸ್ ಬರೆಯುತ್ತ ಕೂತರೆ ದೊಡ್ಡ ಸ್ಕೀಮಾಗೆ ತಿಂಗಳುಗಟ್ಟಲೆ ಬೇಕು. ಹಾಗಾಗಿ ಸ್ಕೀಮಾ ಓದಿ ತಾನೇ ಕ್ಲಾಸ್ ಬರೆದುಕೊಡುವ ಉಪಕರಣಗಳು ಬಂದವು. ಜಾವಾದಲ್ಲಿ ಜಾಕ್ಸ್‌ಬಿ ಎಂಬ ವ್ಯವಸ್ಥೆ, ಅದರೊಳಗಿನ ಎಕ್ಸ್‌ಜೆಸಿ ಎಂಬ ಆಜ್ಞೆ. ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ ಎಕ್ಸ್‌ಎಸ್‌ಡಿ ಎಂಬ ಉಪಕರಣ. ಕಡತ ಕೊಟ್ಟು ಎಂಟರ್ ಒತ್ತಿದರೆ ನೂರಾರು ಕ್ಲಾಸ್‌ಗಳು ಕ್ಷಣದಲ್ಲಿ ಸಿದ್ಧ. 2018ರಲ್ಲಿ ಜಾವಾ 11 ಬಂದಾಗ ಜಾಕ್ಸ್‌ಬಿಯನ್ನು ಮೂಲ ಜಾವಾದಿಂದ ಹೊರಗಿಟ್ಟರು. ಈಗ ಅದನ್ನು ಪ್ರತ್ಯೇಕ ಲೈಬ್ರರಿಯಾಗಿ ಸೇರಿಸಿಕೊಳ್ಳಬೇಕು, ಕೆಲಸ ಮಾತ್ರ ಹಿಂದಿನಂತೆಯೇ ನಡೆದಿದೆ.

ಉಪಕರಣ ಸ್ಕೀಮಾದ ಆಕಾರವನ್ನು ಉಳಿಸಿಕೊಳ್ಳುತ್ತದೆ, ನಿಯಮವನ್ನು ಬಿಟ್ಟುಬಿಡುತ್ತದೆ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಮುಖ್ಯವಾಗಿ ಇದನ್ನೇ. ಬಿಟ್ಟದ್ದು ಏನೆಂದು ನೋಡಲು ಕೊಡಗಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಹೊರಗಿನವರು ಬರೆದ ಅರ್ಜಿಗಳಲ್ಲಿ ಇಲ್ಲಿನ ಹೆಸರು, ಜಮೀನು, ಬೆಳೆ ಯಾವುದೂ ಸಲೀಸಾಗಿ ಕೂರುವುದಿಲ್ಲ.

ಸೆಂಟಿನಿಂದಲೇ ಶುರು ಮಾಡೋಣ. ಎಚ್ಚರಿಕೆಯ ಒಬ್ಬರು ಸ್ಕೀಮಾದಲ್ಲಿ ‘ಜಾಗದ ಸೆಂಟು’, ‘ಮಳೆಯ ಸೆಂಟು’ ಎಂದು ಎರಡು ಸರಳ ಟೈಪ್ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ಎರಡಕ್ಕೂ ಮೂಲ ‘ಡೆಸಿಮಲ್’, ಅಂದರೆ ದಶಮಾಂಶ ಸಂಖ್ಯೆ. ಜಾಗದ ಸೆಂಟು ನೂರಕ್ಕಿಂತ ಕಡಿಮೆ ಇರಬೇಕು, ನೂರಾದರೆ ಅದು ಎಕರೆಯ ಕಾಲಂಗೆ ಹೋಗಬೇಕು ಎಂಬ ನಿಯಮವನ್ನೂ ಬರೆಯುತ್ತಾರೆ. ಸ್ಕೀಮಾ ಅಚ್ಚುಕಟ್ಟಾಗಿದೆ. ಎಕ್ಸ್‌ಜೆಸಿಗೆ ಕೊಟ್ಟಾಗ ಎರಡೂ ಟೈಪ್‌ಗಳು ಜಾವಾದ ‘ಬಿಗ್‌ಡೆಸಿಮಲ್’ ಆಗುತ್ತವೆ. ಹೆಸರಿಟ್ಟ ಸರಳ ಟೈಪ್‌ಗೆ ಆಯ್ಕೆಗಳ ಪಟ್ಟಿ ಇಲ್ಲದಿದ್ದರೆ ಎಕ್ಸ್‌ಜೆಸಿ ಬೇರೆ ಕ್ಲಾಸ್ ಮಾಡುವುದಿಲ್ಲ. ನೂರರ ಮಿತಿ ಕ್ಲಾಸ್ ಒಳಗೆ ಬರುವುದೇ ಇಲ್ಲ, 140 ಸೆಂಟು ಎಂದು ತುಂಬಿದರೂ ಅದು ಒಪ್ಪಿಕೊಳ್ಳುತ್ತದೆ. ಕಡತ ಓದುವಾಗ ಸ್ಕೀಮಾದ ಜೊತೆ ಹೋಲಿಸಿ ಪರೀಕ್ಷಿಸು ಎಂದು ಬೇರೆಯಾಗಿ ಹೇಳಿದರೆ ಮಾತ್ರ ಜಾಕ್ಸ್‌ಬಿ ಪರೀಕ್ಷಿಸುತ್ತದೆ, ಹೇಳದಿದ್ದರೆ ಇಲ್ಲ. ಬಹಳ ಜನ ಹೇಳುವುದಿಲ್ಲ.

ಗುಂಟೆ ಸೇರಿದರೆ ತೊಂದರೆ ಇನ್ನೂ ಆಳಕ್ಕೆ ಇಳಿಯುತ್ತದೆ. ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು. ಆ ಕಡೆ ಜಮೀನಿನ ಮಾತು ಎಕರೆ-ಗುಂಟೆಯಲ್ಲಿ, ನಲವತ್ತು ಗುಂಟೆಗೆ ಒಂದು ಎಕರೆ. 2.10 ಎಂದು ಬರೆದರೆ ಕೊಡಗಿನಲ್ಲಿ ಅದು ಎರಡು ಎಕರೆ ಹತ್ತು ಸೆಂಟು. ಸೇತುವೆಯ ಆಚೆ ಎರಡು ಎಕರೆ ಹತ್ತು ಗುಂಟೆ, ಅಂದರೆ ಎರಡೂಕಾಲು ಎಕರೆ. ಒಂದೇ ಅಂಕಿಯಲ್ಲಿ ಹದಿನೈದು ಸೆಂಟಿನ ವ್ಯತ್ಯಾಸ, ಒಂದು ಮನೆ ಕಟ್ಟಿ ಹಿತ್ತಲು ಬಿಡುವಷ್ಟು ಜಾಗ. ಇದರ ಮೇಲೆ ಇನ್ನೊಂದು ಸಂಗತಿಯಿದೆ. ಸ್ಕೀಮಾದ ಡೆಸಿಮಲ್ ಟೈಪಿಗೆ 2.10 ಮತ್ತು 2.1 ಒಂದೇ ಬೆಲೆ, ಕೊನೆಯ ಸೊನ್ನೆಗೆ ಅರ್ಥವಿಲ್ಲ. ದಾರಿಯಲ್ಲಿನ ಯಾವುದೋ ಪ್ರೋಗ್ರಾಂ ಆ ಸೊನ್ನೆ ತೆಗೆದು ಮುಂದಕ್ಕೆ ಕಳಿಸಿದರೆ ನಿಯಮದ ಪ್ರಕಾರ ತಪ್ಪೇನೂ ಇಲ್ಲ. ಆದರೆ ಅದನ್ನು ಗುಂಟೆಯಾಗಿ ಓದುವವರಿಗೆ ಹತ್ತು ಗುಂಟೆ ಒಂದು ಗುಂಟೆಯಾಗಿಬಿಟ್ಟಿರುತ್ತದೆ. ಜಮೀನಿನ ವಿಸ್ತೀರ್ಣ ದಶಮಾಂಶ ಸಂಖ್ಯೆಯಂತೆ ಕಾಣುತ್ತದೆ, ಅದು ದಶಮಾಂಶ ಸಂಖ್ಯೆ ಅಲ್ಲ. ಎಕರೆ ಒಂದು ಕಡೆ, ಗುಂಟೆ ಅಥವಾ ಸೆಂಟು ಇನ್ನೊಂದು ಕಡೆ, ಯಾವ ಮಾನ ಎಂಬುದು ಮೂರನೆಯ ಕಡೆ, ಹೀಗೆ ಮೂರು ಭಾಗದ ಸಂಯುಕ್ತ ಟೈಪ್ ಮಾಡಿದರೆ ಮಾತ್ರ ಕ್ಲಾಸ್ ಕೂಡ ಅದನ್ನು ಸರಿಯಾಗಿ ಹಿಡಿದಿಡುತ್ತದೆ.

ಇನ್ನು ಕಾಫಿ. ಪೇಟೆಯಲ್ಲಿ ನಾಲ್ಕು ಬಗೆ: ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ. ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದು, ತೊಳೆದು, ಒಳಪೊರೆಯ ಸಮೇತ ಒಣಗಿಸಿದರೆ ಪಾರ್ಚ್‌ಮೆಂಟ್. ಇಡೀ ಹಣ್ಣನ್ನೇ ಕಣದಲ್ಲಿ ಒಣಗಿಸಿದರೆ ಚೆರಿ. ಬೆಲೆ 50 ಕೆ.ಜಿ. ಚೀಲದ ಲೆಕ್ಕದಲ್ಲಿ. ರೊಬಸ್ಟಾ ಚೆರಿಗೆ ಔಟ್‌ಟರ್ನ್ ಎಂಬ ಇನ್ನೊಂದು ಲೆಕ್ಕವೂ ಇದೆ: 50 ಕೆ.ಜಿ. ಚೀಲದಿಂದ ಎಷ್ಟು ಕೆ.ಜಿ. ಬೇಳೆ ಬರುತ್ತದೆ ಎಂಬುದು. ಔಟ್‌ಟರ್ನ್ 26 ಇದ್ದು ದರ 200 ರೂಪಾಯಿ ಎಂದಿಟ್ಟುಕೊಂಡರೆ ಚೀಲಕ್ಕೆ 5,200.

ಇದನ್ನು ಟೈಪ್‌ಗಳಾಗಿ ಬರೆಯಲು ಕೂತ ಹೊಸ ಎಂಜಿನಿಯರ್ ಮೊದಲು ಮಾಡುವುದು ವಂಶವೃಕ್ಷ. ಮೇಲೆ ‘ಕಾಫಿ’, ಅದರ ಕೆಳಗೆ ಅರೇಬಿಕಾ ಮತ್ತು ರೊಬಸ್ಟಾ, ಅವುಗಳ ಕೆಳಗೆ ಎರಡೆರಡು ಮಕ್ಕಳು. ಸ್ಕೀಮಾದಲ್ಲಿ ಇದಕ್ಕೆ ‘ಎಕ್ಸ್‌ಟೆನ್ಷನ್’ ಎಂಬ ಅನುಕೂಲವಿದೆ, ಜಾವಾದಲ್ಲಿ ಅದು ‘ಎಕ್ಸ್‌ಟೆಂಡ್ಸ್’ ಆಗುತ್ತದೆ. ಎರಡೂ ಕಡೆ ಒಂದು ಟೈಪಿಗೆ ಒಂದೇ ತಂದೆ. ಈ ಮಟ್ಟಿಗೆ ಸ್ಕೀಮಾ ಮತ್ತು ಕ್ಲಾಸ್ ಚೆನ್ನಾಗಿ ಹೊಂದುತ್ತವೆ, ಎಕ್ಸ್‌ಜೆಸಿ ಏಳೂ ಕ್ಲಾಸನ್ನು ತಪ್ಪಿಲ್ಲದೆ ಬರೆದುಕೊಡುತ್ತದೆ.

ಆದರೆ ಕಣದಲ್ಲಿ ಕೆಲಸ ಮಾಡಿಸುವ ರೈಟರ್‌ಗೆ ಕೇಳಿ ನೋಡಿ. ಪಾರ್ಚ್‌ಮೆಂಟಿನ ಕೆಲಸಕ್ಕೆ ನೀರು ಬೇಕು, ಪಲ್ಪರ್ ಬೇಕು, ಅದು ಅರೇಬಿಕಾ ಆದರೂ ಸರಿ, ರೊಬಸ್ಟಾ ಆದರೂ ಸರಿ. ಚೆರಿಗೆ ಬೇಕಾದದ್ದು ಬಿಸಿಲು ಮತ್ತು ಕಣದ ಜಾಗ. ಜಾತಿ ಒಂದು ದಿಕ್ಕು, ಸಂಸ್ಕರಣೆ ಇನ್ನೊಂದು ದಿಕ್ಕು. ಜಾತಿಯನ್ನು ತಂದೆಯಾಗಿ ಮಾಡಿದರೆ ‘ಎಲ್ಲ ಪಾರ್ಚ್‌ಮೆಂಟ್’ ಎಂಬ ಪ್ರಶ್ನೆಗೆ ಉತ್ತರ ಕೊಡುವ ಕ್ಲಾಸ್ ಇರುವುದಿಲ್ಲ. ಸಂಸ್ಕರಣೆಯನ್ನು ತಂದೆಯಾಗಿ ಮಾಡಿದರೆ ‘ಎಲ್ಲ ರೊಬಸ್ಟಾ’ ತಪ್ಪಿಹೋಗುತ್ತದೆ. ಇಲ್ಲಿ ವಂಶವೃಕ್ಷವೇ ಬೇಡ. ಒಂದು ಕಾಫಿ ಲಾಟಿಗೆ ಜಾತಿ ಎಂಬ ಗುಣ, ಸಂಸ್ಕರಣೆ ಎಂಬ ಗುಣ, ಚೆರಿಯಾದರೆ ಔಟ್‌ಟರ್ನ್ ಎಂಬ ಐಚ್ಛಿಕ ಗುಣ ಇಟ್ಟರೆ ಸಾಕು. ಉಪಕರಣ ಸಲೀಸಾಗಿ ಬರೆದುಕೊಟ್ಟಿತು ಎಂಬ ಕಾರಣಕ್ಕೆ ವಿನ್ಯಾಸ ಸರಿ ಎಂದು ನಂಬುವುದು ನಮ್ಮ ವೃತ್ತಿಯ ದೊಡ್ಡ ದೌರ್ಬಲ್ಯ.

ತಳಿಯ ಹೆಸರಿನಲ್ಲಿ ಬೇರೆಯದೇ ಒಂದು ಗುಂಡಿ ಇದೆ. ತಳಿಗಳನ್ನು ಆಯ್ಕೆಯ ಪಟ್ಟಿಯಾಗಿ ಸ್ಕೀಮಾದಲ್ಲಿ ಬರೆದರೆ ಜಾವಾದಲ್ಲಿ ಅದು ‘ಈನಮ್’ ಆಗುತ್ತದೆ, ಮುಚ್ಚಿದ ಪಟ್ಟಿ. ಎಸ್.795, ಕಾವೇರಿ, ಸಿ×ಆರ್ ಎಂದು ಬರೆದು ಮುಗಿಸಿದ್ದೀರಿ. 2007ರಲ್ಲಿ ಚಂದ್ರಗಿರಿ ಬಿಡುಗಡೆಯಾದ ಹಾಗೆ ನಾಳೆ ಇನ್ನೊಂದು ತಳಿ ಬರುತ್ತದೆ. ಕಳಿಸುವವರು ಹೊಸ ಹೆಸರು ಸೇರಿಸಿ ಕಳಿಸುತ್ತಾರೆ. ಪರೀಕ್ಷೆ ಮಾಡದೆ ಓದುವ ಹಳೆಯ ಪ್ರೋಗ್ರಾಂ ಗೊತ್ತಿಲ್ಲದ ಹೆಸರು ಕಂಡಾಗ ನಿಲ್ಲುವುದಿಲ್ಲ, ಆ ಜಾಗವನ್ನು ಖಾಲಿ ಬಿಟ್ಟು ಮುಂದೆ ಹೋಗುತ್ತದೆ. ತೋಟದಲ್ಲಿ ಗಿಡವಿದೆ, ಕಡತದಲ್ಲಿ ತಳಿ ಇಲ್ಲ.

ಮನುಷ್ಯರ ಹೆಸರಿಗೆ ಬರೋಣ. ಕೊಡಂದೇರ ಮಾದಪ್ಪ ಕಾರ್ಯಪ್ಪ, ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಭಾರತದ ಸೇನೆಯನ್ನು ಮುನ್ನಡೆಸಿದ ಈ ಇಬ್ಬರೂ ಒಂದೇ ಒಕ್ಕದವರು, ಅಂದರೆ ಒಂದೇ ಮನೆತನದವರು, ಆ ಸಂಗತಿ ಹೆಸರಿನ ಮೊದಲ ಪದದಲ್ಲೇ ಇದೆ. ಕೊಡವರಲ್ಲಿ ಮನೆಹೆಸರು ಮುಂದೆ, ಸ್ವಂತ ಹೆಸರು ಕೊನೆಗೆ. ಅರೆಭಾಷೆ ಗೌಡರಲ್ಲೂ ಗುಡ್ಡೆಮನೆ ಅಪ್ಪಯ್ಯ ಗೌಡರ ಹೆಸರಿನಂತೆ ಮನೆತನದ ಹೆಸರು ಮೊದಲೇ ಬರುತ್ತದೆ. ತೋಟದ ಲೈನ್‌ಮನೆಗಳಲ್ಲಿರುವ ಯರವರಲ್ಲಿ, ಜೇನುಕುರುಬರಲ್ಲಿ ಒಂದೇ ಪದದ ಹೆಸರುಗಳು ಧಾರಾಳವಾಗಿ ಸಿಗುತ್ತವೆ.

ಆಧಾರ್‌ನ ಎಕ್ಸ್‌ಎಂಎಲ್ ಕಡತದಲ್ಲಿ ಹೆಸರಿಗೆ ಒಂದೇ ಜಾಗ. ಯಾವ ಪದ ಮುಂದೆ, ಯಾವುದು ಹಿಂದೆ ಎಂದು ಅದು ಕೇಳುವುದಿಲ್ಲ, ಜನ ಹೇಳಿದ ಹಾಗೆ ಇಟ್ಟುಕೊಳ್ಳುತ್ತದೆ. ಆದಾಯ ತೆರಿಗೆಯ ಎಕ್ಸ್‌ಎಂಎಲ್ ಸ್ಕೀಮಾದಲ್ಲಿ ಇದ್ದದ್ದು ಮೂರು ಜಾಗ: ಮೊದಲ ಹೆಸರು, ನಡುವಿನ ಹೆಸರು, ಮೂರನೆಯದು ‘ಉಪನಾಮ ಅಥವಾ ಸಂಸ್ಥೆಯ ಹೆಸರು’. ಪ್ಯಾನ್ ಸಂಖ್ಯೆಯ ಐದನೆಯ ಅಕ್ಷರ ವ್ಯಕ್ತಿಯ ಉಪನಾಮದ ಮೊದಲ ಅಕ್ಷರ. ಕೊಡಂದೇರ ಮನೆಯ ಕಾರ್ಯಪ್ಪ ಎಂಬ ಒಬ್ಬರಿಗೆ ಉಪನಾಮ ಯಾವುದು? ಅರ್ಥ ನೋಡಿದರೆ ಕೊಡಂದೇರ, ಜಾಗ ನೋಡಿದರೆ ಕಾರ್ಯಪ್ಪ. ಒಂದೇ ಮನೆಯ ಅಣ್ಣ ಒಂದು ರೀತಿ, ತಮ್ಮ ಇನ್ನೊಂದು ರೀತಿ ತುಂಬಿಸಿದರೆ ಇಬ್ಬರ ಪ್ಯಾನ್‌ನ ಐದನೆಯ ಅಕ್ಷರ ಬೇರೆ ಬೇರೆ. ಆಮೇಲೆ ಪ್ಯಾನಿಗೂ ಆಧಾರ್‌ಗೂ ತಾಳೆಯಾಗಲಿಲ್ಲ ಎಂದು ಸೈಬರ್ ಕೆಫೆಗೆ ಅಲೆದಾಟ.

ಅಂಥ ಸ್ಕೀಮಾದಿಂದ ಎಕ್ಸ್‌ಜೆಸಿ ಕೊಟ್ಟ ಕ್ಲಾಸಿನಲ್ಲಿ ‘ಉಪನಾಮ ಕೊಡು’ ಎಂಬ ಮೆಥಡ್ ಇರುತ್ತದೆ. ಅದನ್ನೇ ನಮ್ಮ ಪ್ರೋಗ್ರಾಂ ಉದ್ದಕ್ಕೂ ಬಳಸಿದರೆ ಪಟ್ಟಿಯನ್ನು ಉಪನಾಮದ ಕ್ರಮದಲ್ಲಿ ಜೋಡಿಸುವ, ಪತ್ರದಲ್ಲಿ ಸಂಬೋಧಿಸುವ, ಒಂದೇ ಮನೆಯವರನ್ನು ಗುರುತಿಸುವ ಎಲ್ಲ ಕಡೆ ಆ ತಪ್ಪು ಹರಡುತ್ತದೆ. ನಾನು ಪಾಲಿಸುವ ಕ್ರಮ ಬೇರೆ. ಉಪಕರಣ ಬರೆದ ಕ್ಲಾಸ್‌ಗಳನ್ನು ಗಡಿಯಲ್ಲೇ ನಿಲ್ಲಿಸಬೇಕು, ಒಳಗೆ ನಾವೇ ಬರೆದ ಕ್ಲಾಸ್ ಇರಬೇಕು. ಅದರಲ್ಲಿ ಪೂರ್ಣ ಹೆಸರು ಅವರು ಬರೆಯುವ ಕ್ರಮದಲ್ಲಿ, ಮನೆಹೆಸರು, ಸ್ವಂತ ಹೆಸರು ಬೇರೆ ಬೇರೆ. ತೆರಿಗೆಯವರಿಗೆ ಕಳಿಸುವಾಗ ಅವರ ಮೂರು ಜಾಗಕ್ಕೆ, ಬ್ಯಾಂಕಿಗೆ ಕಳಿಸುವಾಗ ಅವರು ಕೇಳಿದ ರೀತಿಗೆ ಹೊಂದಿಸುವ ಪುಟ್ಟ ಕೋಡ್ ನಡುವೆ ಇರಬೇಕು. ಇದು ಬೇಸರದ ಕೆಲಸ, ಕೈಯಾರೆ ಮಾಡಬೇಕಾದದ್ದು. ಆ ಶ್ರಮ ಉಳಿಸಲು ಹೋದವರು ಬೇರೆಯವರ ಅರ್ಜಿ ನಮೂನೆಯನ್ನು ತಮ್ಮ ಪ್ರೋಗ್ರಾಂನ ತಿರುಳಾಗಿ ಮಾಡಿಕೊಳ್ಳುತ್ತಾರೆ.

‘ಇದು ಅಥವಾ ಅದು’ ಎಂಬ ನಿಯಮ ಕ್ಲಾಸಿಗೆ ಬಂದಾಗ ಏನಾಗುತ್ತದೆ ಎಂಬುದಕ್ಕೂ ಕೊಡಗಿನಲ್ಲೇ ಉದಾಹರಣೆ ಇದೆ. ಕೊಡಗಿನವರಿಗೆ ಇರುವ ಬಂದೂಕು ಪರವಾನಗಿ ವಿನಾಯಿತಿ ಬ್ರಿಟಿಷರ ಕಾಲದ್ದು, ಕೇಂದ್ರ ಸರ್ಕಾರ 2019ರ ಅಕ್ಟೋಬರ್‌ನಲ್ಲಿ ಅದನ್ನು ಹತ್ತು ವರ್ಷಕ್ಕೆ, 2029ರವರೆಗೆ ವಿಸ್ತರಿಸಿತು. ವಿನಾಯಿತಿ ಕೊಡವ ಜನಾಂಗದವರಿಗೆ ಇದೆ, ಒಕ್ಕದ ಹೆಸರಿನಲ್ಲಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಇದೆ. ಸ್ಕೀಮಾ ಬರೆಯುವವರು ಇದಕ್ಕೆ ಥಟ್ಟನೆ ‘ಚಾಯ್ಸ್’ ಬಳಸುತ್ತಾರೆ. ಸ್ಕೀಮಾದ ಚಾಯ್ಸ್‌ನಲ್ಲಿ ಎರಡರಲ್ಲಿ ಒಂದು ಮಾತ್ರ ಇರಬಹುದು. ಕೊಡವರಾಗಿದ್ದು ಜಮ್ಮಾ ಹಿಡುವಳಿಯೂ ಇರುವವರ ಅರ್ಜಿಯನ್ನು ಅದು ತಿರಸ್ಕರಿಸುತ್ತದೆ, ಇಲ್ಲವೇ ಒಂದು ಅರ್ಹತೆಯನ್ನು ಮುಚ್ಚಿಡಲು ಹೇಳುತ್ತದೆ.

ಅಷ್ಟಾದರೂ ಕಟ್ಟುನಿಟ್ಟು ಕ್ಲಾಸಿಗೆ ಬಂತೇ ಎಂದರೆ ಅದೂ ಇಲ್ಲ. ಎಕ್ಸ್‌ಜೆಸಿ ಮಾಡುವ ಕ್ಲಾಸಿನಲ್ಲಿ ಎರಡು ಗುಣ ಪಕ್ಕಪಕ್ಕದಲ್ಲಿ ಕೂತಿರುತ್ತವೆ. ಎರಡನ್ನೂ ತುಂಬಬಹುದು, ಎರಡನ್ನೂ ಖಾಲಿ ಬಿಡಬಹುದು. ಡಾಟ್‌ನೆಟ್‌ನ ಉಪಕರಣ ಇನ್ನೊಂದು ದಾರಿ ಹಿಡಿದು ‘ಐಟಂ’ ಎಂಬ ಒಂದೇ ಜಾಗ ಮಾಡುತ್ತದೆ, ಅದರ ಟೈಪ್ ‘ಆಬ್ಜೆಕ್ಟ್’, ಅಂದರೆ ಅಲ್ಲಿ ಏನು ಬೇಕಾದರೂ ಇರಬಹುದು. ಆಬ್ಜೆಕ್ಟ್ ಆಧಾರಿತ ಭಾಷೆಗಳಲ್ಲಿ ‘ಇದು ಅಥವಾ ಅದು’ ಎನ್ನುವುದಕ್ಕೆ ಬಹಳ ಕಾಲ ನೇರವಾದ ರೂಪ ಇರಲಿಲ್ಲ. ಜಾವಾ 17ರಲ್ಲಿ ಬಂದ ಸೀಲ್ಡ್ ಕ್ಲಾಸ್‌ಗಳು ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿವೆ. ಹಳೆಯ ಉಪಕರಣಗಳಿಗೆ ಅದರ ಅರಿವಿಲ್ಲ.

ಜಮ್ಮಾ ಮಾತು ಬಂದಿದ್ದರಿಂದ ಜಮೀನಿನ ಒಡೆತನದ ಬಗ್ಗೆ ಹೇಳಲೇಬೇಕು. ಕರ್ನಾಟಕದ ಪಹಣಿಯ ಒಂಬತ್ತನೇ ಕಲಂನಲ್ಲಿ ಮಾಲೀಕರ ಹೆಸರು ಇರುತ್ತದೆ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ರಾಜ್ಯದ ಬಹುಪಾಲಿಗೆ ಮಾಲೀಕ ಎಂದರೆ ಒಬ್ಬ ವ್ಯಕ್ತಿ, ಅಥವಾ ಪಾಲು ಗೊತ್ತಿರುವ ಕೆಲವರು. ಸ್ಕೀಮಾದಲ್ಲಿ ‘ಮಾಲೀಕ, ಒಬ್ಬರಿಂದ ಎಷ್ಟು ಬೇಕಾದರೂ’ ಎಂದು ಬರೆದರೆ ಕ್ಲಾಸಿನಲ್ಲಿ ಅದು ‘ಲಿಸ್ಟ್’ ಆಗುತ್ತದೆ. ಜಮ್ಮಾ ಜಮೀನು ಹಿಂದಿನಿಂದ ಬಂದದ್ದು ಒಕ್ಕದ ಹೆಸರಿನಲ್ಲಿ. ಪಟ್ಟೆದಾರರು ಒಕ್ಕದ ಪರವಾಗಿ ದಾಖಲೆಯಲ್ಲಿರುತ್ತಾರೆ. ಗದ್ದೆಯ ಜೊತೆ ಸೊಪ್ಪು, ಸೌದೆ, ದನ ಮೇಯಿಸಲು ಬಾಣೆ ಸೇರಿಕೊಂಡಿರುತ್ತದೆ. ಒಕ್ಕದಲ್ಲಿ ಮಗು ಹುಟ್ಟುತ್ತದೆ, ಹಿರಿಯರು ತೀರಿಕೊಳ್ಳುತ್ತಾರೆ, ಒಡೆತನ ಕೈಬದಲಾಗುವುದಿಲ್ಲ. ಹೆಸರುಗಳ ಲಿಸ್ಟ್ ಇದನ್ನು ಹೇಳಲಾರದು. ಒಕ್ಕ ಎಂಬುದೇ ಒಂದು ಕ್ಲಾಸ್ ಆಗಬೇಕು, ಸದಸ್ಯರು ಅದರೊಳಗಿನ ಬದಲಾಗುವ ಪಟ್ಟಿ, ಪಟ್ಟೆದಾರಿಕೆ ಒಂದು ಹೊಣೆ. ಹಾಗೆ ಮಾಡದೆ ಎಲ್ಲ ಹೆಸರನ್ನೂ ಒಂಬತ್ತನೇ ಕಲಂಗೆ ಸಾಲಾಗಿ ಸುರಿದಾಗ, ಸಾಲಕ್ಕೋ ಪರಿಹಾರಕ್ಕೋ ಹೋದವರು ಆ ಸಾಲಿನಲ್ಲಿರುವ ಎಲ್ಲರ ಒಪ್ಪಿಗೆ ತರಬೇಕಾಗುತ್ತದೆ. ಅವರಲ್ಲಿ ಕೆಲವರು ಬೆಂಗಳೂರಿನಲ್ಲಿ, ಕೆಲವರು ಹೊರದೇಶದಲ್ಲಿ, ಕೆಲವರು ಬದುಕಿಯೇ ಇಲ್ಲ.

ಇವೆಲ್ಲವೂ ಒಂದೇ ಕಡತದಲ್ಲಿ ಕೂಡುವ ಸಂದರ್ಭ ಈಗ ಬಂದಿದೆ. ಐರೋಪ್ಯ ಒಕ್ಕೂಟ 2023ರಲ್ಲಿ ಅರಣ್ಯನಾಶ ತಡೆ ನಿಯಮ ತಂದಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಜಾರಿಯ ದಿನವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿದ್ದಾರೆ, ಮೂಲ ನಿಯಮ ಉಳಿದಿದೆ. ಭಾರತದ ಕಾಫಿಯ ದೊಡ್ಡ ಗಿರಾಕಿಗಳಲ್ಲಿ ಇಟಲಿ, ಜರ್ಮನಿ ಸೇರಿವೆ. ಹಾಗಾಗಿ ಕೊಡಗಿಗೆ ಇದು ದೂರದ ಕಾನೂನಲ್ಲ. ಪ್ರತಿ ತೋಟ ಎಲ್ಲಿದೆ ಎಂಬುದನ್ನು ಅಕ್ಷಾಂಶ-ರೇಖಾಂಶದಲ್ಲಿ ದಶಮಾಂಶದ ಆರು ಸ್ಥಾನದವರೆಗೆ ಕೊಡಬೇಕು, ಅಂದರೆ ಸುಮಾರು ಹನ್ನೊಂದು ಸೆಂಟಿಮೀಟರ್ ನಿಖರತೆ. ನಾಲ್ಕು ಹೆಕ್ಟೇರಿಗಿಂತ ದೊಡ್ಡ ಜಾಗವಾದರೆ ಗಡಿಯ ಪೂರ್ತಿ ರೇಖೆ ಬೇಕು, ಚಿಕ್ಕದಾದರೆ ಒಂದು ಬಿಂದು ಸಾಕು. ನಮ್ಮ ಲೆಕ್ಕದಲ್ಲಿ ಗೆರೆ ಬೀಳುವುದು 9 ಎಕರೆ 88 ಸೆಂಟಿನ ಹತ್ತಿರ.

ಅಲ್ಲಿನ ಆಮದುದಾರರು ತಮ್ಮ ಕಂಪ್ಯೂಟರಿನಿಂದ ನೇರವಾಗಿ ಘೋಷಣೆ ಸಲ್ಲಿಸಲು ಒಕ್ಕೂಟ ಒದಗಿಸಿರುವ ಸೇವೆ ಸೋಪ್ ಎಂಬ ಪದ್ಧತಿಯದು, ಅಂದರೆ ಎಕ್ಸ್‌ಎಂಎಲ್ ಸ್ಕೀಮಾದ ಮೇಲೆ ನಿಂತದ್ದು. ತೋಟದ ನಕ್ಷೆ ಮಾತ್ರ ಜಿಯೋಜೇಸನ್ ಎಂಬ ಬೇರೆ ರೂಪದಲ್ಲಿದ್ದು, ಅದನ್ನು ಬೇಸ್64 ಅಕ್ಷರಗಳಿಗೆ ತಿರುಗಿಸಿ ಎಕ್ಸ್‌ಎಂಎಲ್ ಒಳಗೆ ತುರುಕಬೇಕು. ಸ್ಕೀಮಾದ ಬೇಸ್64 ಟೈಪ್ ಜಾವಾ ಕ್ಲಾಸಿನಲ್ಲಿ ಬೈಟ್‌ಗಳ ಸಾಲು ಆಗುತ್ತದೆ. ಅಜ್ಜನ ಕಾಲದ ತೋಟದ ಎಲ್ಲೆ, ಅದರ ಮೂಲೆಗಳು, ಹೊಳೆಯ ಬದಿಯ ಬಾಗು, ಎಲ್ಲವೂ ಕ್ಲಾಸಿನ ದೃಷ್ಟಿಯಲ್ಲಿ ಬರೀ ಬೈಟ್. ಅದು ಬಿಂದುವೋ ರೇಖೆಯೋ, ನಾಲ್ಕು ಹೆಕ್ಟೇರಿನ ನಿಯಮ ಪಾಲಿಸಿದೆಯೋ, ರೇಖಾಂಶ ಮೊದಲು ಬರೆಯಬೇಕಾದ ಕಡೆ ಅಕ್ಷಾಂಶ ಬರೆದು ತೋಟ ಬೇರೆಲ್ಲಿಗೋ ಹೋಗಿ ಬಿದ್ದಿದೆಯೋ, ಟೈಪ್ ಯಾವುದನ್ನೂ ಹೇಳುವುದಿಲ್ಲ. ‘ಇಷ್ಟು ದೊಡ್ಡದಾದರೆ ಹೀಗೆ’ ಎಂಬ ಬಗೆಯ ಷರತ್ತನ್ನು ಬರೆಯಲು ಸ್ಕೀಮಾದ 2001ರ ಆವೃತ್ತಿಯಲ್ಲಿ ದಾರಿಯೇ ಇರಲಿಲ್ಲ. 2012ರ 1.1 ಆವೃತ್ತಿಯಲ್ಲಿ ‘ಅಸರ್ಟ್’ ಬಂತು, ಎಕ್ಸ್‌ಜೆಸಿ ಅದನ್ನು ಓದುವುದಿಲ್ಲ.

ಕಾಫಿ ಮಂಡಳಿ ಬೆಳೆಗಾರರ ತೋಟ ನೋಂದಾಯಿಸಲು ಆ್ಯಪ್ ತಂದಿದೆ, ರಫ್ತುದಾರರು ತಮ್ಮದೇ ತಂತ್ರಾಂಶ ಮಾಡಿಸುತ್ತಿದ್ದಾರೆ. ಹಾಗೆ ಮಾಡಿಸುವವರಲ್ಲಿ ನನ್ನ ಕೋರಿಕೆ ಒಂದಿದೆ. ಯುರೋಪಿನ ಸ್ಕೀಮಾದಿಂದ ಹುಟ್ಟಿದ ಕ್ಲಾಸ್‌ಗಳನ್ನೇ ನಿಮ್ಮ ತೋಟದ ದಾಖಲೆಯಾಗಿ ಇಟ್ಟುಕೊಳ್ಳಬೇಡಿ. ನಿಮ್ಮ ‘ತೋಟ’ ಎಂಬ ಕ್ಲಾಸಿನಲ್ಲಿ ಗಡಿಯ ಬಿಂದುಗಳು ಬಿಂದುಗಳಾಗಿಯೇ ಇರಲಿ. ವಿಸ್ತೀರ್ಣದ ಜೊತೆ ಸೆಂಟೋ ಗುಂಟೆಯೋ ಹೆಕ್ಟೇರೋ ಎಂಬುದು ಇರಲಿ. ಹಿಡುವಳಿ ಜಮ್ಮಾ, ಸಾಗು, ಪೈಸಾರಿ ಯಾವುದೆಂದು ಇರಲಿ, ಯಾರ ಹೆಸರಿನ ಪಹಣಿ, ಯಾರ ಸಾಗುವಳಿ ಎರಡೂ ಬೇರೆ ಬೇರೆ ಇರಲಿ. ನಾಲ್ಕು ಹೆಕ್ಟೇರಿನ ಪರೀಕ್ಷೆಯನ್ನು ಆ ಕ್ಲಾಸಿನೊಳಗೇ ಬರೆಯಿರಿ. ಬೈಟ್‌ಗೆ ತಿರುಗಿಸುವ ಕೆಲಸ ಕಳಿಸುವ ಕ್ಷಣದ್ದು, ಅದಕ್ಕೆ ನಡುವೆ ಒಂದು ಪುಟದ ಕೋಡ್ ಸಾಕು. ಯುರೋಪಿನ ನಮೂನೆ ಬದಲಾದಾಗ ತಿದ್ದಬೇಕಾದದ್ದು ಆ ಒಂದು ಪುಟವನ್ನು ಮಾತ್ರ.